ಪಕ್ಕದ ರಾಜ್ಯದ ಅಂಗಡಿಯಿಂದ ಬಂದೂಕು, ಸಪ್ರೆಸರ್ ಕೊಂಡು ತರಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವಿರುವುದು ಡಲ್ಲಾಸ್ ಹತ್ತಿರ, ಗ್ರೀನ್ ಕಾರ್ಡ್ ಕೈಗೆ ಬಂದಿದೆ. ಒಕ್ಲಹೋಮಾದ ಒಂದು ಅಂಗಡಿಯಲ್ಲಿ ರೈಫಲ್, ಪಿಸ್ತೂಲು, ಸಪ್ರೆಸರ್ (ಬಂದೂಕಿನ ಸದ್ದು ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಸಾಧನ) ಮೂರೂ ಒಳ್ಳೆ ಬೆಲೆಗೆ ಕಂಡಿವೆ. ಹೋಗಿ ದುಡ್ಡು ಕೊಟ್ಟು ಡಿಕ್ಕಿಗೆ ಹಾಕಿಕೊಂಡು ಬರಬಹುದಾ, ಆಗದಿದ್ದರೆ ಅಲ್ಲೇ ಇರುವ ಬಾಮೈದನ ಹೆಸರಲ್ಲಿ ಕೊಂಡರೆ ನಡೆಯುತ್ತಾ ಅಂತ ಕೇಳಿದ್ದೀರಿ.

ರೈಫಲ್ ತರಬಹುದು. ಪಿಸ್ತೂಲು, ಸಪ್ರೆಸರ್ ಹಾಗೆ ತರಲು ಬರುವುದಿಲ್ಲ. ಬಾಮೈದನ ಐಡಿಯಾ ಮಾತ್ರ ಇವತ್ತೇ ಕೈಬಿಡಿ. ನಾನೂ ಟೆಕ್ಸಾಸ್‌ನಲ್ಲೇ ಇರುವವನು, ಕಾಡುಹಂದಿ ಬೇಟೆಗೆ ಹೋಗುತ್ತೇನೆ, ಈ ಮೂರೂ ಬಗೆಯ ಖರೀದಿ ಮಾಡಿದ್ದೇನೆ. ವಕೀಲನಲ್ಲ, ಆದರೆ ಕೌಂಟರ್‌ನಲ್ಲಿ ಏನು ನಡೆಯುತ್ತೆ ಅಂತ ಚೆನ್ನಾಗಿ ಗೊತ್ತು.

ಮೊದಲು ರೈಫಲ್. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಬೇರೆ ಬೇರೆ ರಾಜ್ಯದ ಇಬ್ಬರು ಸಾಮಾನ್ಯರು ಪರಸ್ಪರ ಬಂದೂಕು ಮಾರಾಟ ಮಾಡುವಂತಿಲ್ಲ, ನಡುವೆ ಲೈಸೆನ್ಸ್ ಇರುವ ಡೀಲರ್ ಇರಲೇಬೇಕು. ಇವರನ್ನು ಎಲ್ಲರೂ ಎಫ್‌ಎಫ್‌ಎಲ್ ಅಂತಲೇ ಕರೆಯುತ್ತಾರೆ. ಈ ಡೀಲರ್ ತನ್ನ ಅಂಗಡಿಗೆ ಖುದ್ದಾಗಿ ಬಂದ ಬೇರೆ ರಾಜ್ಯದವರಿಗೆ ರೈಫಲ್, ಶಾಟ್‌ಗನ್ ಮಾರಬಹುದು. ಅವನ ರಾಜ್ಯದ ಕಾನೂನಿಗೂ ನಿಮ್ಮ ರಾಜ್ಯದ ಕಾನೂನಿಗೂ ಆ ವ್ಯಾಪಾರ ಒಪ್ಪಿಗೆಯಾಗಬೇಕು, ಅಷ್ಟೇ. ಟೆಕ್ಸಾಸ್, ಒಕ್ಲಹೋಮಾ ನಡುವೆ ಇದು ದಿನಾ ನಡೆಯುವ ವ್ಯಾಪಾರ. ನೀವು ಕ್ಯಾಲಿಫೋರ್ನಿಯಾದವರಾಗಿದ್ದರೆ ಕಥೆಯೇ ಬೇರೆ, ಅಲ್ಲಿ 10 ದಿನ ಕಾಯುವ ನಿಯಮವಿದೆ. ಹೊರಗಿನ ಡೀಲರ್‌ಗಳು ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್ ನೋಡಿದ ಕೂಡಲೇ ಆಗಲ್ಲ ಅಂದುಬಿಡುತ್ತಾರೆ. ಕಾನೂನು ಬಿಟ್ಟರೂ ಮಾರಲೇಬೇಕು ಅಂತ ಅವರಿಗೇನೂ ಇಲ್ಲ. ಹಾಗಾಗಿ ಪೆಟ್ರೋಲ್ ಸುಡುವ ಮೊದಲು ಫೋನ್ ಮಾಡಿ ಕೇಳಿ.

ಪಿಸ್ತೂಲಿಗೆ ಈ ಸವಲತ್ತು ಇಲ್ಲ. ಅದನ್ನು ನಿಮ್ಮ ಕೈಗೆ ಕೊಡುವ ಡೀಲರ್ ನೀವು ವಾಸವಿರುವ ರಾಜ್ಯದವನೇ ಆಗಿರಬೇಕು. ಒಕ್ಲಹೋಮಾದ ಅಂಗಡಿಗೆ ದುಡ್ಡು ಕೊಡಿ, ತೊಂದರೆಯಿಲ್ಲ. ಆದರೆ ಅವರು ಅದನ್ನು ನಿಮ್ಮೂರಿನ ಒಬ್ಬ ಡೀಲರ್‌ಗೆ ಪಾರ್ಸೆಲ್ ಮಾಡುತ್ತಾರೆ. ಫಾರ್ಮ್ ತುಂಬುವುದು, ವಸ್ತು ತೆಗೆದುಕೊಳ್ಳುವುದು ಎಲ್ಲ ಇಲ್ಲೇ. ಆನ್‌ಲೈನ್‌ನಲ್ಲಿ ಕೊಂಡರೂ ಇದೇ ದಾರಿ. ಇಲ್ಲಿಯ ಡೀಲರ್ ತನ್ನ ಕೆಲಸಕ್ಕೆ ಟ್ರಾನ್ಸ್‌ಫರ್ ಫೀಸ್ ತಗೊಳ್ಳುತ್ತಾನೆ. ಅದನ್ನೂ ಸಾಗಣೆ ಖರ್ಚನ್ನೂ ಸೇರಿಸಿದ ಮೇಲೆ ಆ ‘ಒಳ್ಳೆ ಬೆಲೆ’ ಉಳಿಯುತ್ತಾ ಅಂತ ಒಮ್ಮೆ ಲೆಕ್ಕ ಹಾಕಿ. ಬಹಳ ಸಲ ಉಳಿಯಲ್ಲ.

ಎರಡಕ್ಕೂ ಕೌಂಟರ್‌ನಲ್ಲಿ ತುಂಬಬೇಕಾದದ್ದು ಫಾರ್ಮ್ 4473. ಫೋಟೋ ಮತ್ತು ಈಗಿನ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು. ಪಾಸ್‌ಪೋರ್ಟ್ ಒಂದೇ ತೋರಿಸಿದರೆ ಆಗಲ್ಲ, ಅದರಲ್ಲಿ ಮನೆ ವಿಳಾಸ ಇರುವುದಿಲ್ಲವಲ್ಲ. ನಮ್ಮವರು ಮನೆ ಬದಲಾಯಿಸಿ ವರ್ಷವಾದರೂ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೇ ಅಪಾರ್ಟ್‌ಮೆಂಟ್ ವಿಳಾಸವನ್ನೇ ಇಟ್ಟುಕೊಂಡಿರುತ್ತಾರೆ. ಹಾಗಿದ್ದರೆ ಕಾರಿನ ರಿಜಿಸ್ಟ್ರೇಷನ್‌ನಂಥ ಇನ್ನೊಂದು ಸರ್ಕಾರಿ ಕಾಗದವನ್ನು ಜೊತೆಗೆ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಕೂಡ ಒಯ್ಯಿರಿ, ಅದರ ನಂಬರ್ ಬರೆಯಬೇಕು. ಆಮೇಲೆ ಡೀಲರ್ ಎಫ್‌ಬಿಐನ ನಿಕ್ಸ್ ವ್ಯವಸ್ಥೆಯಲ್ಲಿ ನಿಮ್ಮ ಹೆಸರು ಪರೀಕ್ಷೆ ಮಾಡಿಸುತ್ತಾನೆ. ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತೆ. ತಡ ಅಂತ ಬಂದರೆ ಗಾಬರಿ ಬೇಡ, ಅದು ನಿರಾಕರಣೆ ಅಲ್ಲ.

ಈಗ ಬಾಮೈದನ ವಿಷಯಕ್ಕೆ ಬರೋಣ. ಉಳಿದ ಎಲ್ಲದಕ್ಕಿಂತ ಇದನ್ನೇ ನಿಧಾನವಾಗಿ ಓದಿ. ‘ಬರುವಾಗ ಒಂದು ತಗೊಂಡ್ ಬಾ, ದುಡ್ಡು ಕಳಿಸ್ತೀನಿ’ ಅನ್ನುವುದು ನಮಗೆ ಉಸಿರಾಡಿದಷ್ಟು ಸಲೀಸು. ಪ್ರೆಶರ್ ಕುಕ್ಕರ್‌ನಿಂದ ಐಫೋನ್‌ವರೆಗೆ ಎಲ್ಲವನ್ನೂ ಹೀಗೇ ತರಿಸಿದ್ದೇವೆ. ಫಾರ್ಮ್ 4473ರ ಹೌದು-ಇಲ್ಲ ಪ್ರಶ್ನೆಗಳಲ್ಲಿ ಮೊದಲನೆಯದೇ ಇದು: ಇದನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಇನ್ನೊಬ್ಬರ ದುಡ್ಡಲ್ಲಿ, ಇನ್ನೊಬ್ಬರಿಗಾಗಿ ಕೊಂಡು ಅಲ್ಲಿ ಹೌದು ಅಂತ ಗೀಚಿದರೆ ಅದು ಸುಳ್ಳು ಹೇಳಿಕೆ.

ಅಬ್ರಾಮ್ಸ್ಕಿ ಅನ್ನುವವರ ಕೇಸ್ ಇದಕ್ಕೆ ಕನ್ನಡಿ ಹಿಡಿದ ಹಾಗಿದೆ. ಈತ ವರ್ಜೀನಿಯಾದವರು, ಹಿಂದೆ ಪೊಲೀಸ್ ಆಗಿದ್ದವರು. ಪೆನ್ಸಿಲ್ವೇನಿಯಾದಲ್ಲಿದ್ದ ಇವರ ಅಂಕಲ್‌ಗೆ ಒಂದು ಗ್ಲಾಕ್ ಪಿಸ್ತೂಲು ಬೇಕಿತ್ತು. ಪೊಲೀಸರಿಗೆ ರಿಯಾಯಿತಿ ಸಿಗುತ್ತದಲ್ಲ, ನಾನೇ ಕೊಂಡು ಕೊಡುತ್ತೇನೆ ಅಂದರು. ಅಂಕಲ್ 400 ಡಾಲರ್‌ನ ಚೆಕ್ ಬರೆದರು, ಚೆಕ್‌ನ ಮೂಲೆಯಲ್ಲಿ ಇದು ಗ್ಲಾಕ್ 19 ಪಿಸ್ತೂಲಿಗೆ ಅಂತ ಬರೆದೂ ಬಿಟ್ಟರು. ಅಬ್ರಾಮ್ಸ್ಕಿ ಪಿಸ್ತೂಲು ಕೊಂಡು ಪೆನ್ಸಿಲ್ವೇನಿಯಾಕ್ಕೆ ಒಯ್ದರು. ಅಲ್ಲಿ ಕದ್ದುಮುಚ್ಚಿ ಕೊಡಲಿಲ್ಲ. ಲೈಸೆನ್ಸ್ ಇರುವ ಡೀಲರ್ ಮೂಲಕವೇ ಅಂಕಲ್ ಹೆಸರಿಗೆ ಮಾಡಿಸಿದರು. ಅಂಕಲ್ ಕೂಡ ಪರೀಕ್ಷೆಯಲ್ಲಿ ಪಾಸಾದರು. ಇಬ್ಬರೂ ಬಂದೂಕು ಇಟ್ಟುಕೊಳ್ಳಲು ಅರ್ಹರು, ಕೊನೆಯ ಕಾಗದವೂ ಸರಿಯಾಗಿತ್ತು. ಆದರೂ ಮೊದಲ ಅಂಗಡಿಯಲ್ಲಿ ‘ಕೊಳ್ಳುವವನು ನಾನೇ’ ಅಂದದ್ದು ಅಪರಾಧ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತೀರ್ಪು 5-4, ಬರೆದವರು ಎಲೆನಾ ಕೇಗನ್. ನಾಲ್ವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅವರ ವಾದದಲ್ಲೇ ತೂಕ ಕಾಣುತ್ತೆ. ಆದರೆ ಕಾನೂನು ಆಗಿರುವುದು ಐವರ ಮಾತು. ಅದರ ಮೇಲೆ 2022ರಲ್ಲಿ ಬಂದ ಕಾಯ್ದೆಯು ಅನರ್ಹರಿಗಾಗಿ ಅಥವಾ ಅಪರಾಧಕ್ಕಾಗಿ ಹೀಗೆ ಬೇನಾಮಿ ಕೊಡಿಸುವುದನ್ನು 15 ವರ್ಷದವರೆಗೆ ಜೈಲಾಗಬಹುದಾದ ಪ್ರತ್ಯೇಕ ಅಪರಾಧವಾಗಿ ಮಾಡಿದೆ. ಗ್ರೀನ್ ಕಾರ್ಡ್ ಇರುವವರಿಗೆ ಇಂಥ ಕೇಸ್ ಬಿದ್ದರೆ ಜೈಲಿಗಿಂತ ದೊಡ್ಡ ತಲೆನೋವು ಇಮಿಗ್ರೇಷನ್‌ನದ್ದು.

ಬಾಮೈದ ತನ್ನ ದುಡ್ಡಲ್ಲಿ ಕೊಂಡು ನಿಮಗೆ ನಿಜವಾಗಿ ಉಡುಗೊರೆ ಕೊಟ್ಟರೆ ಅದು ಬೇರೆ ಮಾತು. ಆಗ ಅವನೇ ಕೊಂಡವನು. ಆದರೂ ರಾಜ್ಯ ದಾಟುವುದರಿಂದ ಟೆಕ್ಸಾಸ್‌ನ ಡೀಲರ್ ಮೂಲಕವೇ ನಿಮಗೆ ಬರಬೇಕು. ಸತ್ತವರ ಉಯಿಲಿನಿಂದ ಬಂದ ಬಂದೂಕಿಗೆ ಫೆಡರಲ್ (ಅಂದರೆ ಅಮೆರಿಕದ ಕೇಂದ್ರ ಸರ್ಕಾರದ) ಕಾನೂನಿನಲ್ಲಿ ಇದರಿಂದ ವಿನಾಯಿತಿ ಇದೆ.

ಸಪ್ರೆಸರ್ ಬರುವುದು ಇದಕ್ಕಿಂತ ಹಳೆಯ ಕಾನೂನಿನಡಿ, 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್. ಮೆಷಿನ್ ಗನ್, 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಇವೆಲ್ಲ ಇದೇ ಪಟ್ಟಿಯಲ್ಲಿವೆ. ಸಿನಿಮಾದಲ್ಲಿ ತೋರಿಸುವ ‘ಪುಸ್’ ಶಬ್ದ ಮರೆತುಬಿಡಿ. ರೈಫಲ್‌ಗೆ ಸಪ್ರೆಸರ್ ಹಾಕಿದರೂ ಜೋರಾಗೇ ಕೇಳುತ್ತೆ, ಕಿವಿ ಹರಿದು ಹೋಗುವಷ್ಟು ಇರಲ್ಲ ಅಷ್ಟೇ. ನಾನು ತಗೊಂಡದ್ದೂ ಕಿವಿ ಉಳಿಸಿಕೊಳ್ಳಲು.

ಇಲ್ಲಿ ವ್ಯಾಪಾರ ನಡೆಯುವ ರೀತಿ ಹೀಗೆ. ಒಕ್ಲಹೋಮಾದ ಡೀಲರ್ ಫಾರ್ಮ್ 3 ಹಾಕಿ, ಒಪ್ಪಿಗೆ ಬಂದ ಮೇಲೆ, ಅದನ್ನು ಟೆಕ್ಸಾಸ್‌ನ ಇನ್ನೊಬ್ಬ ಡೀಲರ್‌ಗೆ ಕಳಿಸುತ್ತಾನೆ. ಇಬ್ಬರಿಗೂ ಈ ಬಗೆಯ ವ್ಯಾಪಾರದ ವಿಶೇಷ ತೆರಿಗೆ ಕಟ್ಟಿದ ದಾಖಲೆ ಇರಬೇಕು, ಪೇಟೆಯಲ್ಲಿ ಇವರಿಗೆ ‘ಕ್ಲಾಸ್ 3 ಡೀಲರ್’ ಅನ್ನುತ್ತಾರೆ. ಆಮೇಲೆ ಟೆಕ್ಸಾಸ್ ಡೀಲರ್‌ನಿಂದ ನಿಮ್ಮ ಹೆಸರಿಗೆ ಫಾರ್ಮ್ 4. ನನ್ನ ಡೀಲರ್ ಅಂಗಡಿಯ ಮೂಲೆಯಲ್ಲಿ ಎಟಿಎಂ ಥರದ ಒಂದು ಯಂತ್ರ ಇಟ್ಟಿದ್ದಾನೆ. ಗಾಜಿನ ಮೇಲೆ ಹತ್ತೂ ಬೆರಳು ಒತ್ತಿಸಿಕೊಳ್ಳುತ್ತೆ, ಫೋಟೋ ಬೇರೆ ಬೇಕು. ನಿಮ್ಮೂರಿನ ಪೊಲೀಸ್ ಮುಖ್ಯಸ್ಥರಿಗೆ ಅಥವಾ ಶೆರಿಫ್‌ಗೆ ಒಂದು ಪ್ರತಿ ಹೋಗಬೇಕು. ಅದು ತಿಳಿಸುವುದಕ್ಕೆ ಮಾತ್ರ, ಅವರ ಅನುಮತಿ ಬೇಕಿಲ್ಲ. ಎಟಿಎಫ್ (ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಸಂಸ್ಥೆ) ಒಪ್ಪುವವರೆಗೆ ದುಡ್ಡು ಪೂರ್ತಿ ಕಟ್ಟಿದ್ದರೂ ವಸ್ತು ಡೀಲರ್‌ನ ತಿಜೋರಿಯಲ್ಲೇ. ಕೆಲವರಿಗೆ ಕೆಲವೇ ದಿನದಲ್ಲಿ ಒಪ್ಪಿಗೆ ಬರುತ್ತೆ, ಅರ್ಜಿಗಳು ಜಾಸ್ತಿಯಾದಾಗ ತಿಂಗಳುಗಟ್ಟಲೆ ಎಳೆಯುತ್ತೆ.

200 ಡಾಲರ್ ತೆರಿಗೆ ಬಗ್ಗೆ ಹಳೇ ಉತ್ತರಗಳನ್ನು ಓದಿ ಗೊಂದಲ ಮಾಡಿಕೊಳ್ಳಬೇಡಿ. 1934ರಿಂದ ಅಷ್ಟೇ ಇದ್ದ ಅದು 2025ರ ಜುಲೈನಲ್ಲಿ ಸಹಿಯಾದ ಕಾಯ್ದೆಯಿಂದಾಗಿ 2026ರ ಜನವರಿ 1ರಿಂದ ಸಪ್ರೆಸರ್‌ಗೆ ಸೊನ್ನೆಯಾಗಿದೆ. ತೆರಿಗೆ ಹೋಯಿತೇ ಹೊರತು ನೋಂದಣಿ ಹೋಗಿಲ್ಲ. ಫಾರ್ಮ್, ಬೆರಳಚ್ಚು, ಕಾಯುವುದು ಎಲ್ಲ ಹಾಗೇ ಇದೆ.

‘ಟೆಕ್ಸಾಸ್‌ನಲ್ಲೇ ತಯಾರಾದ ಸಪ್ರೆಸರ್‌ಗೆ ಫೆಡರಲ್ ಕಾನೂನು ಅನ್ವಯಿಸಲ್ಲ’ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. 2021ರಲ್ಲಿ ರಾಜ್ಯ ಅಂಥ ಕಾನೂನು ಮಾಡಿದ್ದು ನಿಜ. ಕಾನ್ಸಾಸ್ ಕೂಡ 2013ರಲ್ಲಿ ಮಾಡಿತ್ತು. ಅದನ್ನು ನಂಬಿ ನೋಂದಣಿ ಇಲ್ಲದೆ ಮಾರಿದ ಅಂಗಡಿಯವನಿಗೂ ಕೊಂಡ ಗಿರಾಕಿಗೂ ಫೆಡರಲ್ ಕೋರ್ಟ್‌ನಲ್ಲಿ ಶಿಕ್ಷೆಯಾಯಿತು, ಮೇಲ್ಮನವಿಯಲ್ಲೂ ಅದೇ ಉಳಿಯಿತು.

ಮನೆಯಾಕೆಯೂ ಸಪ್ರೆಸರ್ ಅನ್ನು ರೇಂಜ್‌ಗೆ, ಅಂದರೆ ಗುಂಡು ಹಾರಿಸುವ ಅಭ್ಯಾಸದ ಜಾಗಕ್ಕೆ, ಒಯ್ಯುತ್ತಾರೆ ಅಂದರೆ ನಿಮ್ಮೊಬ್ಬರ ಹೆಸರಲ್ಲಿ ಮಾಡಿಸಬೇಡಿ, ಟ್ರಸ್ಟ್ ಮಾಡಿಸಿ ಅದರ ಹೆಸರಲ್ಲಿ ಕೊಳ್ಳಿ, ಇಬ್ಬರನ್ನೂ ಅದರಲ್ಲಿ ಸೇರಿಸಿ. ಇಬ್ಬರ ಬೆರಳಚ್ಚೂ ಬೇಕಾಗುತ್ತೆ, ಆದರೆ ನೀವಿಲ್ಲದಾಗ ಅವರ ಕೈಲಿದ್ದರೆ ಕಾನೂನಿನ ಕಿರಿಕಿರಿ ಇರಲ್ಲ. ಕಾರಲ್ಲಿ ಸುತ್ತುವಾಗಲೂ ಎಚ್ಚರ. ಸಪ್ರೆಸರ್‌ಗೆ 42 ರಾಜ್ಯಗಳಲ್ಲಿ ಅವಕಾಶವಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್, ಡೆಲವೇರ್, ರೋಡ್ ಐಲೆಂಡ್, ಹವಾಯಿಗಳಲ್ಲಿ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನೆಂಟರ ಮನೆಗೆ ಹೊರಟಾಗ ಅದನ್ನು ಮನೆಯಲ್ಲೇ ಬಿಡಿ.

ಇದನ್ನು ಓದುತ್ತಿರುವ ಎಚ್-1ಬಿ, ಎಫ್-1 ಗೆಳೆಯರಿಗೆ: ಮೇಲಿನದ್ದೆಲ್ಲ ಗ್ರೀನ್ ಕಾರ್ಡ್ ಇರುವವರಿಗೆ. ವೀಸಾ ಮೇಲಿರುವವರು ಬಂದೂಕು ಕೊಳ್ಳುವುದನ್ನಷ್ಟೇ ಅಲ್ಲ, ಕೈಯಲ್ಲಿ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ತಡೆಯುತ್ತೆ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೂ ಎಷ್ಟೋ ಅಂಗಡಿಗಳು ಮಾರಲು ಒಪ್ಪಲ್ಲ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ಇದಕ್ಕೆ ಕೈ ಹಾಕಲೇಬೇಡಿ ಅನ್ನುತ್ತೇನೆ.

ಊರಿಗೆ ಒಯ್ಯುವ ಯೋಚನೆ ಇದ್ದರೆ ಅದನ್ನೂ ಬಿಡಿ, ಅಲ್ಲಿ 1959ರ ಆರ್ಮ್ಸ್ ಆಕ್ಟ್ ಇದೆ. ಬಂದೂಕು ಹಾಗಿರಲಿ, ರೇಂಜ್‌ಗೆ ಒಯ್ದ ಬ್ಯಾಗ್‌ನ ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡು ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಕಂಡರೂ ಪೊಲೀಸ್ ಕೇಸ್ ಆಗಬಹುದು. ಬೆಂಗಳೂರಿಗೆ ಹೊರಡುವಾಗ ಆ ಬ್ಯಾಗ್ ಬಿಟ್ಟು ಬೇರೆ ಬ್ಯಾಗ್ ತಗೊಳ್ಳಿ.