ಬೇಲಿಯಾಚೆಯ ಕೌನ್ಸಿಲ್ ಜಾಗ: ಬೇಲಿ ಕೀಳುವ ಮುನ್ನ

ನಮಸ್ಕಾರ ಅಕ್ಕ. ಇಂಗ್ಲೆಂಡಿನ ನಿಮ್ಮ ಮನೆಯ ಹಿತ್ತಿಲಿನ ಬೇಲಿಯಾಚೆ ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಜಾಗ ಮುಳ್ಳು ಬೆಳೆದು ಹಾಳುಬಿದ್ದಿದೆ, ಬೇಲಿಯನ್ನು ಮೂರು ಮೀಟರ್ ಆಚೆ ಸರಿಸಿ ಕುಂಬಳ, ಬೀನ್ಸ್ ಹಾಕಿಕೊಂಡರೆ ಯಾರು ಕೇಳುತ್ತಾರೆ ಎಂದು ಬರೆದಿದ್ದೀರಿ. ಕೌನ್ಸಿಲ್ ಕೇಳುವುದು ತಡವಾಗಬಹುದು. ದಿನವೂ ನಾಯಿ ಹಿಡಿದುಕೊಂಡು ಆ ದಾರಿಯಲ್ಲಿ ಅಡ್ಡಾಡುವ ಅಜ್ಜ ಮರುದಿನವೇ ದೂರು ಬರೆಯುತ್ತಾರೆ. ನಮ್ಮ ಬೀದಿಯಲ್ಲಿ ಆದದ್ದು ಹಾಗೆಯೇ. ಇಂದಲ್ಲ ನಾಳೆ ಅಕ್ರಮ-ಸಕ್ರಮ ಬರುತ್ತದೆ ಎಂಬ ಊರಿನ ಲೆಕ್ಕ ಇಂಗ್ಲೆಂಡಿನಲ್ಲಿ ನಡೆಯುವುದಿಲ್ಲ.

ಮೊದಲು ಭೂ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಿಂದ 7 ಪೌಂಡ್ ಕೊಟ್ಟು ನಿಮ್ಮ ಮನೆಯ ಟೈಟಲ್ ಪ್ಲಾನ್, ಅಂದರೆ ಜಾಗದ ಗಡಿ ತೋರಿಸುವ ನಕ್ಷೆ, ತೆಗೆದುಕೊಳ್ಳಿ. ಅದರಲ್ಲಿರುವ ಕೆಂಪು ಗೆರೆಯನ್ನು ಚಕ್ಕುಬಂದಿಯಂತೆ ಅಂಗುಲ ಲೆಕ್ಕದಲ್ಲಿ ನಂಬಬೇಡಿ. ಅದು ಸ್ಥೂಲವಾದ ಗಡಿ ಮಾತ್ರ. ಪಟ್ಟಣದ ನಕ್ಷೆ ಸಾಮಾನ್ಯವಾಗಿ 1:1250 ಪ್ರಮಾಣದ್ದು, ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ ಒಂದೂಕಾಲು ಮೀಟರ್. ನಾನು ಒಂದು ಭಾನುವಾರವಿಡೀ ಅಳತೆಪಟ್ಟಿ ಹಿಡಿದು ತೆವಳಾಡಿದ ಮೇಲೆ ಹೊಳೆದದ್ದು, ಗೆರೆಯ ದಪ್ಪವೇ ಅರ್ಧ ಮೀಟರ್ ಇದೆ ಎಂದು.

ಇನ್ನಷ್ಟು ಖರ್ಚು ಮಾಡಿ ಆಚೆಯ ಜಾಗದ ದಾಖಲೆಯನ್ನೂ ತೆಗೆಸಿ. ಎಲ್ಲರೂ ಕೌನ್ಸಿಲಿನದು ಎನ್ನುವ ಜಾಗ ಬಡಾವಣೆ ಕಟ್ಟಿದ ಕಂಪನಿಯ ಹೆಸರಿನಲ್ಲೇ ಉಳಿದಿರುವುದುಂಟು. ರಸ್ತೆಯಂಚಿನ ಹುಲ್ಲುಪಟ್ಟಿಯಾದರೆ ಅದು ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ರಸ್ತೆಯ ಭಾಗವೇ ಆಗಿರಬಹುದು. ಆಗ ಕೊಂಡರೂ ಸಾಲದು, ಅಲ್ಲಿ ಜನ ಓಡಾಡುವ ಹಕ್ಕನ್ನು ರದ್ದುಪಡಿಸುವ ಆದೇಶ ಬೇರೆ ಬೇಕು. ಸಾರ್ವಜನಿಕ ಬಯಲಾದರೆ, ಮಾರುವ ಮೊದಲು ಕೌನ್ಸಿಲ್ ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಕೊಟ್ಟು ಆಕ್ಷೇಪಣೆಗಳನ್ನು ಪರಿಗಣಿಸಬೇಕು. ನಾಯಿಯ ಅಜ್ಜ ಮತ್ತೆ ಪೆನ್ನು ಹಿಡಿಯುವುದು ಅಲ್ಲಿಯೇ.

ನನ್ನ ಕೇಳಿದರೆ, ಕೊಳ್ಳುವ ಮಾತು ಬದಿಗಿಟ್ಟು ಕೌನ್ಸಿಲಿನ ಆಸ್ತಿ ವಿಭಾಗಕ್ಕೆ ಇಮೇಲ್ ಬರೆದು ಗಾರ್ಡನ್ ಲೈಸೆನ್ಸ್ ಕೊಡುತ್ತಾರೆಯೇ ವಿಚಾರಿಸಿ. ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಜಾಗ ಬಳಸುವುದು, ಅವರು ಬಿಡೆಂದಾಗ ಬಿಡುವುದು. ತರಕಾರಿ ಮಡಿಗೆ ಅಷ್ಟು ಸಾಕಲ್ಲವೇ? ಕೊಳ್ಳಲೇಬೇಕೆಂದರೆ ಜಾಗದ ಬೆಲೆಯ ಜೊತೆಗೆ ಅವರ ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕವೂ ಸಾಮಾನ್ಯವಾಗಿ ನಿಮ್ಮ ತಲೆಗೇ. ಕೈತೋಟಕ್ಕೆ ಮಾತ್ರ, ಕಟ್ಟಡ ಕೂಡದು ಎಂಬ ಷರತ್ತನ್ನೂ ಕ್ರಯಪತ್ರದಲ್ಲಿ ಸೇರಿಸಬಹುದು.

ಹೆಚ್ಚಿನವರು ಎಡವುವುದು ಕೊಂಡ ಮೇಲೆ. ಜಾಗ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಅದು ಹಿತ್ತಿಲಾಗುವುದಿಲ್ಲ. ಬಯಲನ್ನು ಮನೆಯ ತೋಟವಾಗಿ ಬಳಸುವುದಕ್ಕೆ ಯೋಜನಾ ಅನುಮತಿ ಬೇಕು, ಆ ಅರ್ಜಿಯೇ ಬೇರೆ. ಕೌನ್ಸಿಲಿನ ಒಂದು ವಿಭಾಗ ಮಾರಿದ್ದನ್ನು ಇನ್ನೊಂದು ವಿಭಾಗ ಒಪ್ಪಬೇಕೆಂದೇನಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲೇ ಯೋಜನಾ ವಿಭಾಗದವರನ್ನು ಕೇಳಿಬಿಡಿ. ಬೇರೆ ಅನುಮತಿ ಇಲ್ಲದೆ ಬೇಲಿಯ ಎತ್ತರ ಎರಡು ಮೀಟರ್ ಮೀರುವಂತಿಲ್ಲ. ವಾಹನ ಓಡಾಡುವ ರಸ್ತೆಯ ಪಕ್ಕವಾದರೆ ಒಂದೇ ಮೀಟರ್.

ಹತ್ತು ವರ್ಷ ಅನುಭವಿಸಿದರೆ ನಮ್ಮದೇ ಎಂದು ಕೆಲವರು ಹೇಳುವುದುಂಟು. ಅದು ಅರ್ಧ ಸತ್ಯ. 2002ರ ಭೂ ನೋಂದಣಿ ಕಾಯ್ದೆಯ ಪ್ರಕಾರ ಹತ್ತು ವರ್ಷದ ಬಳಿಕ ಅರ್ಜಿ ಹಾಕಬಹುದು, ನಿಜ. ಆದರೆ ಅರ್ಜಿ ಹೋದ ಕೂಡಲೇ ಮಾಲೀಕರಿಗೆ ನೋಟಿಸ್ ಹೋಗುತ್ತದೆ. 65 ಕೆಲಸದ ದಿನಗಳೊಳಗೆ ಅವರು ಆಕ್ಷೇಪಿಸಿದರೆ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟು, ಅರ್ಜಿ ಬಿದ್ದುಹೋಗುತ್ತದೆ. ಕಳ್ಳನೇ ಠಾಣೆಗೆ ಹೋಗಿ ವಿಳಾಸ ಕೊಟ್ಟ ಹಾಗೆ.

ನೆಲದಡಿ ಏನಿದೆ ಎಂಬುದನ್ನೂ ನೋಡಿ. ನಾನು ಅನುಮತಿ ಪಡೆದು ಪೊದೆ ಸವರುವಾಗ ಕುಡುಗೋಲು ಠಣ್ ಎಂದಿತು. ಮಣ್ಣು ಕೆರೆದರೆ ಪಾಚಿಗಟ್ಟಿದ ಕಬ್ಬಿಣದ ಮುಚ್ಚಳ, ಒಳಗೆ ಇಡೀ ಬೀದಿಯ ಒಳಚರಂಡಿ. ಅದರಿಂದ ಮೂರು ಮೀಟರ್ ಅಂತರದೊಳಗೆ ಏನು ಕಟ್ಟುವುದಿದ್ದರೂ ನೀರಿನ ಕಂಪನಿಯನ್ನು ಕೇಳಬೇಕು. ನನ್ನ ಶೆಡ್ಡಿನ ಕನಸು ಅಲ್ಲಿಗೆ ಮುಗಿಯಿತು, ಈಗ ಅಲ್ಲಿ ಕುಂಡಗಳಲ್ಲಿ ಮೆಂತ್ಯ ಬೆಳೆಯುತ್ತಿದ್ದೇನೆ. ಬಿದಿರಿನಂತೆ ಗಂಟುಗಂಟಾದ ಟೊಳ್ಳು ಕಾಂಡ, ಅಗಲ ಎಲೆಯ ಜಪಾನೀಸ್ ನಾಟ್‌ವೀಡ್ ಎಂಬ ಹಟಮಾರಿ ಕಳೆ ಕಂಡರಂತೂ ಆ ಜಾಗದ ಗೋಜಿಗೇ ಹೋಗಬೇಡಿ. ಒಮ್ಮೆ ನಿಮ್ಮದಾದರೆ ಆ ಪೀಡೆಯೂ ನಿಮ್ಮದೇ, ಮನೆ ಮಾರುವಾಗ ನಮೂನೆಯಲ್ಲಿ ಬರೆದು ಕೊಡಬೇಕಾಗುತ್ತದೆ.

ಅನುಮತಿ ಸಿಕ್ಕರೂ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪೊದೆ ಕಡಿಯಲು ಹೋಗಬೇಡಿ, ಹಕ್ಕಿಗಳು ಗೂಡು ಕಟ್ಟಿರುತ್ತವೆ. ಗೂಡಿಗೆ ಕೈಹಾಕುವುದು ಅಪರಾಧ. ಅಷ್ಟರಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗುತ್ತದೆ. ಅದನ್ನು ಮನೆ ಬಳಕೆಗೆ ಕಿತ್ತರೆ ಕಳ್ಳತನವಾಗುವುದಿಲ್ಲ. ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿ ನೋಡಿ, ದೋಸೆಗೆ ಚೆನ್ನಾಗಿರುತ್ತದೆ.