ಓಟಗಾರನನ್ನು ಅಳೆಯುವ ಮೊದಲು ಅವನ ಮುಂದಿರುವ ಐವರನ್ನು ನೋಡಿ

ಪ್ರಿಯ ಲೇಖಕರೇ,

‘ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರು?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಮನಸ್ಸಿಟ್ಟು ಬರೆಯುವವರು ಕಡಿಮೆ, ಹಾಗಾಗಿ ಖುಷಿಯಿಂದಲೇ ಕೈಗೆತ್ತಿಕೊಂಡೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹತ್ತು ಆಟಗಾರರನ್ನು ಒಟ್ಟು ಗಳಿಕೆ ಮತ್ತು ಓಟದ ಸರಾಸರಿಯ ಪ್ರಕಾರ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ‘ಚಿರತೆಯ ವೇಗ’, ‘ಸಿಂಹದ ಗುಂಡಿಗೆ’ ಎಂದು ಬಿರುದು ಕೊಟ್ಟಿದ್ದೀರಿ. ಯಾರು ಹೆಚ್ಚು ಓಡಿದರು ಎಂಬುದು ಇದರಿಂದ ತಿಳಿಯುತ್ತದೆ. ಒಳ್ಳೆಯ ಓಟಗಾರನನ್ನು ಗುರುತಿಸುವುದು ಹೇಗೆ ಎಂಬುದು ತಿಳಿಯುವುದಿಲ್ಲ.

ಮೊದಲಿಗೆ ಒಂದು ಸಣ್ಣ ಮಾತು. ಫುಟ್‌ಬಾಲ್ ಎಂದ ಕೂಡಲೇ ನಮ್ಮ ಓದುಗರ ಕಣ್ಣಮುಂದೆ ಬರುವುದು ಕಾಲಿನಲ್ಲಿ ಒದೆಯುವ ಚೆಂಡು. ಇಲ್ಲಿ 4 ಅವಕಾಶಗಳಲ್ಲಿ 10 ಗಜ ಮುಂದೆ ಹೋಗಬೇಕು, ದಾಳಿಯನ್ನು ನಡೆಸುವ, ಚೆಂಡನ್ನು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಗೆ ಕೊಟ್ಟಾಗ ಅದನ್ನು ಹಿಡಿದು ಓಡುವವನೇ ರನ್ನಿಂಗ್ ಬ್ಯಾಕ್, ಅವನಿಗೆ ದಾರಿ ಬಿಡಿಸಲು ಮುಂದೆ ಐದು ಜನ ದೈತ್ಯರಿರುತ್ತಾರೆ. ಇಷ್ಟನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ‘ಯಾರ್ಡ್’ ಬೇಡ, ‘ಗಜ’ ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸೇಕ್ವಾನ್ ಬಾರ್ಕ್ಲಿ 2023ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ 247 ಸಲ ಓಡಿ 962 ಗಜ ಗಳಿಸಿದ, ಸರಾಸರಿ 3.9. ಮರುವರ್ಷ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋಗಿ 345 ಸಲ ಓಡಿ 2,005 ಗಜ ಗಳಿಸಿದ, ಸರಾಸರಿ 5.8. ನಿಮ್ಮ ಅಳತೆಗೋಲಿನ ಪ್ರಕಾರ ಒಬ್ಬ ಸಾಧಾರಣ ಆಟಗಾರ ಹನ್ನೆರಡು ತಿಂಗಳಲ್ಲಿ ಮಹಾನ್ ಆಟಗಾರನಾಗಬೇಕಾಯಿತು. ನಿಜವಾಗಿ ಬದಲಾದದ್ದು ಅವನ ಸುತ್ತಲಿನವರು. ದಾರಿ ಬಿಡಿಸುವ ಐವರ ಎಡ ತುದಿಯಲ್ಲಿ ಜೋರ್ಡನ್ ಮೈಲಾಟ, ಬಲ ತುದಿಯಲ್ಲಿ ಲೇನ್ ಜಾನ್ಸನ್ ಇದ್ದರು. ಜೊತೆಗೆ ತಾನೇ ಚೆಂಡು ಹಿಡಿದು ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಇದ್ದ. ಅವನ ಮೇಲೆ ಕಣ್ಣಿಡಲು ಎದುರಾಳಿಯ ಒಬ್ಬ ಆಟಗಾರ ಅರೆಕ್ಷಣ ನಿಂತರೂ ಬಾರ್ಕ್ಲಿಗೆ ದಾರಿ ಸಿಗುತ್ತಿತ್ತು. ಬಾರ್ಕ್ಲಿ ದೊಡ್ಡ ಆಟಗಾರನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ 5.8ರಲ್ಲಿ ಅವನ ಪಾಲೆಷ್ಟು, ಉಳಿದವರದೆಷ್ಟು? ನಿಮ್ಮ ಲೇಖನ ಬಿಡಿಸಬೇಕಾದ ಗಂಟು ಇದೇ.

ಬಿಡಿಸಲು ಶುರುಮಾಡುವ ಜಾಗ, ಎದುರಾಳಿಯ ಕೈ ಅವನಿಗೆ ಮೊದಲು ತಾಗಿದ್ದು ಎಲ್ಲಿ ಎಂಬುದು. ತಾಗುವ ಮುಂಚಿನ ಗಜಗಳು ಹೆಚ್ಚಾಗಿ ಆ ಐವರ ದುಡಿಮೆ, ತಾಗಿದ ಮೇಲಿನವು ಅವನ ಸ್ವಂತದ್ದು. ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಬ್ಯಾರಿ ಸ್ಯಾಂಡರ್ಸ್‌ನಂಥವನು ಕೈಗೇ ಸಿಗದೆ ಜಾರಿಕೊಂಡಾಗ, ಆ ಲೆಕ್ಕದಲ್ಲಿ ಶ್ರೇಯಸ್ಸೆಲ್ಲ ತಪ್ಪಾಗಿ ಮುಂದಿನವರ ಖಾತೆಗೆ ಹೋಗುತ್ತದೆ.

ಸರಾಸರಿ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಒಬ್ಬ 20 ಓಟದಲ್ಲಿ 100 ಗಜ ಗಳಿಸಿದ ಎನ್ನಿ. ಅದರಲ್ಲಿ ಒಂದೇ ಓಟ 62 ಗಜದ್ದಾದರೆ ಉಳಿದ 19 ಓಟಗಳಿಗೆ ಸಿಕ್ಕಿದ್ದು ತಲಾ 2 ಗಜ. ಇನ್ನೊಬ್ಬ ಪ್ರತಿ ಸಲವೂ ಐದೈದು ಗಜ ತಂದ. ಇಬ್ಬರ ಸರಾಸರಿಯೂ 5. ಆದ್ದರಿಂದ ಪ್ರತಿ ಓಟವನ್ನೂ ಪಾಸು, ನಪಾಸು ಎಂದು ಎಣಿಸುವುದು ಒಳ್ಳೆಯದು: ಮೊದಲ ಅವಕಾಶದಲ್ಲಿ ಬೇಕಾದ ದೂರದ ಶೇ. 40, ಎರಡನೆಯದರಲ್ಲಿ ಶೇ. 60, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ. ಮೂರನೇ ಅವಕಾಶದಲ್ಲಿ 3 ಗಜ ಬೇಕಿದ್ದಾಗ ಬಂದ 4 ಗಜ ಚಿನ್ನ. 8 ಗಜ ಬೇಕಿದ್ದಾಗ ಅದೇ 4 ಗಜ ಉಪಯೋಗಕ್ಕಿಲ್ಲ.

ಎಮಿಟ್ ಸ್ಮಿತ್‌ಗೆ ನೀವು ಅನ್ಯಾಯ ಮಾಡಿರುವುದು ಇಲ್ಲೇ. 18,355 ಗಜ ಗಳಿಸಿದವನನ್ನು ಸರಾಸರಿ 4.2 ಎಂಬ ಕಾರಣಕ್ಕೆ ಕೆಳಗಿಳಿಸಿದ್ದೀರಿ. ಅವನು ಬೀಳುವಾಗಲೂ ಮುಂದಕ್ಕೇ ಬೀಳುತ್ತಿದ್ದ. ಸ್ಯಾಂಡರ್ಸ್ 1997ರಲ್ಲಿ 2,053 ಗಜ ಓಡಿದ ಅದ್ಭುತ ಆಟಗಾರ, ಆದರೆ ದೊಡ್ಡ ಓಟದ ಆಸೆಗೆ ಹಿಂದಕ್ಕೆ ಸುತ್ತಿ ಗಜ ಕಳೆದುಕೊಂಡದ್ದೂ ಬಹಳ. ಎರಡು ಗಜ ಬೇಕೇ ಬೇಕು ಎನ್ನುವಾಗ ನಾನಾದರೆ ಚೆಂಡನ್ನು ಸ್ಮಿತ್ ಕೈಗೇ ಕೊಡುತ್ತೇನೆ. ನೀವು ಒಪ್ಪದಿದ್ದರೆ ವಾದ ಮಾಡಿ ಬರೆಯಿರಿ, ಅಂಥ ವಾದವೇ ಲೇಖನಕ್ಕೆ ಬೇಕಾದದ್ದು.

ಆಟಗಾರರ ವೇಗ ಅಳೆಯಲು ನಡೆಸುವ 40 ಗಜದ ಓಟದ ಸಮಯಕ್ಕೆ ಇಡೀ ಒಂದು ಪುಟ ಕೊಟ್ಟಿದ್ದೀರಿ. ಅದು ರಕ್ಷಾಕವಚವಿಲ್ಲದೆ, ಎದುರಾಳಿಯಿಲ್ಲದೆ, ನೇರ ಗೆರೆಯಲ್ಲಿ ಓಡುವ ಓಟ. ಮೊದಲ 10 ಗಜದ ಸಮಯವನ್ನೂ ದೇಹದ ತೂಕವನ್ನೂ ಪಕ್ಕದಲ್ಲಿಡಿ. 102 ಕೆಜಿ ದೇಹ 4.5 ಸೆಕೆಂಡಿನಲ್ಲಿ ಓಡುವುದೂ 88 ಕೆಜಿ ದೇಹ ಓಡುವುದೂ ಒಂದೇ ಅಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1995ರ ಆಯ್ಕೆಯಲ್ಲಿ ಟೆರೆಲ್ ಡೇವಿಸ್ 196ನೆಯವನು. 1998ರಲ್ಲಿ ಅವನು ಓಡಿದ್ದು 2,008 ಗಜ. ಇಷ್ಟು ಒಂದು ಪ್ಯಾರಾಗೆ ಸಾಕು.

ಆ ಜಾಗವನ್ನು ಕಾಲಿಗೆ ಮತ್ತು ಕಣ್ಣಿಗೆ ಕೊಡಿ. ‘ಔಟ್‌ಸೈಡ್ ಜೋನ್’ ಎಂಬ ಓಟವನ್ನು ನಿಧಾನಗತಿಯಲ್ಲಿ ನೋಡಿ. ಐವರೂ ಒಂದೇ ದಿಕ್ಕಿಗೆ ಸರಿಯುತ್ತಾರೆ. ಒಳ್ಳೆಯ ಓಟಗಾರ ಕೂಡಲೇ ಸಂದಿಗೆ ನುಗ್ಗುವುದಿಲ್ಲ. ಅಂಚಿನ ಕಡೆಗೇ ಹೋಗುತ್ತಿರುವವನ ಹಾಗೆ ಓಡಿ, ಎದುರಾಳಿಯ ಮುಂಚೂಣಿಯ ಹಿಂದೆ ಕಾಯುವ ಲೈನ್‌ಬ್ಯಾಕರ್ ಅತ್ತ ಹೆಜ್ಜೆ ಹಾಕುವವರೆಗೂ ಎಳೆಯುತ್ತಾನೆ. ಆಮೇಲೆ ಹೊರಗಿನ ಪಾದವನ್ನು ಒಮ್ಮೆ ಊರಿ, ಹೆಗಲನ್ನು ನೇರ ಮಾಡಿ ಒಳಕ್ಕೆ ತಿರುಗುತ್ತಾನೆ. ಬೇಗ ತಿರುಗಿದರೆ ಲೈನ್‌ಬ್ಯಾಕರ್ ಇನ್ನೂ ಅಲ್ಲೇ ಇರುತ್ತಾನೆ. ತಡಮಾಡಿದರೆ ತನ್ನವರ ಬೆನ್ನಿಗೇ ಡಿಕ್ಕಿ. ತಿರುಗಲು ಒಂದರ ಬದಲು ಮೂರು ಪುಟ್ಟ ಹೆಜ್ಜೆ ಬೇಕಾದರೆ ಅಷ್ಟರಲ್ಲಿ ಸಂದಿ ಮುಚ್ಚಿರುತ್ತದೆ.

ಚೆಂಡನ್ನು ಕಾಪಾಡುವ ಬಗ್ಗೆ ಒಂದು ಸಾಲೂ ಇಲ್ಲದ್ದು ನನಗೆ ಬೇಸರ ತಂದಿತು. ಟಿಕಿ ಬಾರ್ಬರ್ 2003ರಲ್ಲಿ 9 ಸಲ ಚೆಂಡು ಕೈಬಿಟ್ಟ. 2004ರಲ್ಲಿ ಟಾಮ್ ಕಾಫ್ಲಿನ್ ತರಬೇತುದಾರನಾಗಿ ಬಂದ ಮೇಲೆ ಅವನ ಹಿಡಿತವನ್ನೇ ಬದಲಿಸಿದರು. 2005ರಲ್ಲಿ 1,860 ಗಜ ಓಡಿಯೂ ಕೈಬಿಟ್ಟದ್ದು ಒಂದೇ ಸಲ. ಆ ಹಿಡಿತವನ್ನು ಬಿಡಿಸಿ ಬರೆಯಿರಿ: ಚೆಂಡಿನ ಒಂದು ಮೊನೆಗೆ ಬೆರಳುಗಳ ಮುಚ್ಚಳ, ಇನ್ನೊಂದು ಮೊನೆ ಮೊಣಕೈ ಸಂದಿಗೆ, ಚೆಂಡಿನ ಹೊಟ್ಟೆ ಎದೆಗೆ ಒತ್ತಿ, ಮಣಿಕಟ್ಟು ಮೊಣಕೈಗಿಂತ ಮೇಲೆ. ಗುಂಪಿನೊಳಗೆ ಹೋದರೆ ಎರಡನೇ ಕೈಯೂ ಚೆಂಡಿನ ಮೇಲೆ.

ಚೆಂಡಿಲ್ಲದಾಗಿನ ಕೆಲಸವನ್ನೂ ಬಿಟ್ಟಿದ್ದೀರಿ. ಕ್ವಾರ್ಟರ್‌ಬ್ಯಾಕ್ ಎಸೆಯಲು ನಿಂತಾಗ ನುಗ್ಗಿ ಬರುವವನನ್ನು ಇವನು ತಡೆಯಬೇಕು. ನೋಟ ಮೊದಲು ಒಳಕ್ಕೆ, ಆಮೇಲೆ ಹೊರಕ್ಕೆ, ಯಾಕೆಂದರೆ ಒಳಗಿನ ದಾರಿಯೇ ಹತ್ತಿರದ್ದು. ಒಂದು ಹೆಜ್ಜೆ ಮುಂದೆ ಹೋಗಿ ಎದುರಿಸಬೇಕು. ನಿಂತಲ್ಲೇ ಕಾದರೆ ಹಿಂದಕ್ಕೆ ತಳ್ಳಿಸಿಕೊಂಡು ತನ್ನ ಕ್ವಾರ್ಟರ್‌ಬ್ಯಾಕ್ ಮೇಲೇ ಬೀಳುತ್ತಾನೆ. ಚೆಂಡು ಹಿಡಿಯುವುದೂ ಲೆಕ್ಕಕ್ಕೆ ಬರಬೇಕು: ಕ್ರಿಶ್ಚಿಯನ್ ಮೆಕ್ಯಾಫ್ರಿ 2019ರಲ್ಲಿ ಓಡಿದ್ದು 1,387 ಗಜ, ಎಸೆತ ಹಿಡಿದು ಗಳಿಸಿದ್ದು 1,005. ನಿಮ್ಮ ಪಟ್ಟಿಯಲ್ಲಿ ಮೊದಲಿನದು ಮಾತ್ರ ಇದೆ.

ಪಟ್ಟಿಯನ್ನು ಕೈಬಿಡಿ. ಹತ್ತು ಜನರ ಬದಲು ಇಬ್ಬರನ್ನು ಆರಿಸಿಕೊಳ್ಳಿ. ಒಬ್ಬೊಬ್ಬರದೂ ಒಂದೊಂದು ಪಂದ್ಯದ ಎಲ್ಲ ಓಟಗಳನ್ನೂ ನೋಡಿ, ಪ್ರತಿಯೊಂದಕ್ಕೂ ನಾಲ್ಕು ಅಂಶ ಗುರುತು ಹಾಕಿಕೊಳ್ಳಿ: ಎಷ್ಟನೇ ಅವಕಾಶ ಮತ್ತು ಎಷ್ಟು ಗಜ ಬೇಕಿತ್ತು, ಎದುರಿಗೆ ಒತ್ತಾಗಿ ನಿಂತವರು ಆರೋ ಎಂಟೋ, ಮೊದಲ ಕೈ ತಾಗಿದ್ದೆಲ್ಲಿ, ಬಿದ್ದದ್ದೆಲ್ಲಿ. ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಓಟದಿಂದ ಲೇಖನ ಶುರುವಾಗಲಿ, ಅದು ಬರೀ 4 ಗಜದ್ದಾದರೂ ಸರಿ. 1,200 ಪದ ಮೀರದಂತೆ ತಿದ್ದಿ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ