ರಾತ್ರಿ ಮಾತ್ರೆ ಬಿಟ್ಟರೆ ಪರವಾಗಿಲ್ವಾ ಅಂತ ಕೇಳಿದವರಿಗೆ

ಚಿಂತಾಮಣಿಯಲ್ಲಿರುವ ನಿಮ್ಮ ತಂದೆಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ), ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ಮಾತ್ರೆ ದಿನಕ್ಕೆರಡು ಬರೆದಿದ್ದಾರೆ, 'ಚೆನ್ನಾಗೇ ಇದ್ದೀನಲ್ಲ' ಅಂತ ರಾತ್ರಿಯದನ್ನು ಬಿಡುತ್ತಾರೆ ಅಂದಿರಿ. ಬಿಡಬಾರದು. ಸುಮಾರು 12 ಗಂಟೆಗಳಲ್ಲಿ ಅದರ ಅಂಶ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಎರಡು ಹೊತ್ತು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಹೆಪ್ಪು ಹೇಳಿ ಬರುವುದಿಲ್ಲ.

ಕೋಲಾರದಲ್ಲಿ ನಮ್ಮಮ್ಮನದೂ ಇದೇ ಕತೆ. 'ಬಿಪಿ ಮಾತ್ರೆ ಬಿಟ್ಟರೆ ತಲೆ ಸುತ್ತುತ್ತೆ, ಇದು ಬಿಟ್ಟರೆ ಏನೂ ಆಗಲ್ವಲ್ಲ' ಅನ್ನುತ್ತಿದ್ದರು. ಒಂದಿನ ಸ್ಟ್ರಿಪ್ ತೆಗೆದು ನೋಡಿದರೆ ಹತ್ತರಲ್ಲಿ ನಾಲ್ಕು ಹಾಗೇ ಇದ್ದವು. ಬೈದೆ, ಸುಮ್ನೆ ನಕ್ಕರು. ಈಗ ಸ್ಟ್ರಿಪ್ ಮುದ್ದೆ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಉಂಡಾದ ಮೇಲೆ ಖಾಲಿ ಗುಳಿ ಮೊಮ್ಮಗನಿಗೆ ತೋರಿಸಬೇಕು. ಅವನು ಬಿಡೋನಲ್ಲ!

ಮರೆತರೆ ಅದೇ ದಿನ ನೆನಪಾದ ಕೂಡಲೇ ಒಂದು ಕೊಡಿ, ಒಟ್ಟಿಗೆ ಎರಡು ಬೇಡ. ಬಸ್ಸಾರಿಗೆ ಭಯಪಡಬೇಡಿ, ಸೊಪ್ಪು ಎಷ್ಟು ತಿನ್ನಬೇಕು ಅನ್ನೋ ಲೆಕ್ಕ ವಾರ್ಫರಿನ್ ಅನ್ನೋ ಇನ್ನೊಂದು ಹೆಪ್ಪು ತಡೆಯೋ ಮಾತ್ರೆ ತಗೊಳ್ಳೋರಿಗೆ. ದುಡ್ಡು ಜಾಸ್ತಿ ಅಂತ ಬಿಡುತ್ತಿದ್ದಾರಾ, ಅದನ್ನೂ ಮೆಲ್ಲಗೆ ಕೇಳಿ. ಹಾಗಿದ್ದರೆ ಕಡಿಮೆ ಬೆಲೆಯ ಜೆನೆರಿಕ್ ಆಗುತ್ತಾ ಅಂತ ಡಾಕ್ಟರನ್ನೇ ವಿಚಾರಿಸಿ. ಹಲ್ಲು ಕೀಳಿಸುವಾಗಲೂ ಅವರನ್ನು ಕೇಳದೆ ನಿಲ್ಲಿಸಬೇಡಿ.